ವಿಷಯ: ಓದುಗರೇ ಓಟು ಹಾಕಿ ಕೊಡುವ ಬಹುಮಾನಕ್ಕೆ ಏನನ್ನಬೇಕು? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ.

ಬಸವನಗುಡಿಯ ಗೆಳೆಯರ ಬಳಗವೊಂದು ಹೊಸ ಬರಹಗಾರರಿಗೆ ಬಹುಮಾನ ಕೊಡಲು ಹೊರಟಿದೆ. ತೀರ್ಪುಗಾರರು ಇಲ್ಲ, ಓದುಗರ ಓಟೇ ಕೊನೆ. ಇಂಗ್ಲೆಂಡಿನಲ್ಲಿ ಪೀಪಲ್ಸ್ ಬುಕ್ ಪ್ರೈಜ್ ಇದೆಯಲ್ಲ, ಆ ತರಹ. ಅದರ ಬಗ್ಗೆ ಒಂದು ಪುಟ್ಟ ಲೇಖನವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಕಾದಂಬರಿಗಾರ್ತಿ ಬೆರಿಲ್ ಬೇನ್‌ಬ್ರಿಜ್ ಹೆಸರಿನಲ್ಲಿ ಮೊದಲ ಪುಸ್ತಕದವರಿಗೆಂದೇ ಅಲ್ಲಿ ಒಂದು ಪ್ರಶಸ್ತಿ ಇದೆ.

ಬ್ಯಾನರ್ ಸಂಜೆ ಅವೆನ್ಯೂ ರಸ್ತೆಯ ಪ್ರೆಸ್ಸಿಗೆ ಹೋಗಬೇಕು. ‘ಜನಮತ ಪ್ರಶಸ್ತಿ’ ಅಂತ ಬರೆದಿದ್ದೇನೆ. ಸಮಾಧಾನ ಇಲ್ಲ. ಕೆಳಗೆ ‘ಉದಯೋನ್ಮುಖ ಲೇಖಕರ ಬೆಂಬಲಕ್ಕೆ’ ಅಂತಿದೆ. ದಯವಿಟ್ಟು ಬೇಗ ತಿಳಿಸಿ.

ಮರು:

ಜನಮತ ಬೇಡ. ಮತ ಅಂದರೆ ಓಟೂ ಹೌದು, ಧರ್ಮವೂ ಹೌದು. ಉದಯೋನ್ಮುಖ ಅಂತೂ ಬೇಡವೇ ಬೇಡ. ಯಾರಾದರೂ ‘ಜನಮೆಚ್ಚುಗೆ’ ಅನ್ನುವ ಮುಂಚೆಯೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ‘ಮಂದಿ ಮೆಚ್ಚಿದ ಹೊತ್ತಗೆ’ ಅನ್ನಿ. ಅಚ್ಚಗನ್ನಡ. ಚರ್ಚೆಗೆ ಇನ್ನೇನೂ ಉಳಿದಿಲ್ಲ.

ಮರು: ಮರು:

ಮೇಷ್ಟ್ರೇ, ಉಳಿದಿದೆ.

ಜನಮತ ಬೇಡ ಅಂದಿದ್ದು ಸರಿ, ಕೊಟ್ಟ ಕಾರಣ ಸರಿಯಿಲ್ಲ. ಮತಗಟ್ಟೆ ಅಂದಾಗ ಯಾರಿಗೂ ಧರ್ಮ ನೆನಪಾಗುವುದಿಲ್ಲ. ಜನಮತ ಅಂದರೆ ಮಾತ್ರ ಜನಮತಗಣನೆ ಕಣ್ಣಿಗೆ ಬರುತ್ತದೆ. ಅದರಲ್ಲಿ ಸರ್ಕಾರ ಇದೆ, ಗಡಿ ಇದೆ. ಪುಸ್ತಕ ಎಲ್ಲಿದೆ?

ಅರಿಸಮಾಸದ ಕೋಲು ಹಿಡಿದು ಬರಬೇಡಿ. ಮತಗಟ್ಟೆಯೂ ಅರಿಸಮಾಸ, ದಿನಗೂಲಿಯೂ ಅರಿಸಮಾಸ. ಬಿರುದಾವಳಿಯಲ್ಲಿ ನಡೆಯುತ್ತದೆ ಅಂತ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಬಹುಮಾನದ ಹೆಸರು ಬಿರುದಿಗೆ ಹತ್ತಿರದ್ದೇ ಅಲ್ವಾ?

ಇನ್ನು ನಿಮ್ಮ ಅಚ್ಚಗನ್ನಡದ ಹೊತ್ತಗೆ. ಅದು ‘ಪುಸ್ತಕ’ದ ತದ್ಭವ. ಪ್ರಾಕೃತದ ಬಾಯಲ್ಲಿ ಸವೆದು, ಪೊತ್ತಗೆಯಾಗಿ, ಆಮೇಲೆ ಹೊತ್ತಗೆ ಆಯಿತು. 13ನೇ ಶತಮಾನದ ಆಂಡಯ್ಯ ಸಂಸ್ಕೃತವಿಲ್ಲದೆ ಕಾವ್ಯ ಬರೆದ ಅಂತ ಹೇಳುತ್ತಲೇ ಇರುತ್ತೀರಿ. ಆತ ದೂರ ಇಟ್ಟಿದ್ದು ತತ್ಸಮಗಳನ್ನು, ಅಂದರೆ ರೂಪ ಬದಲಾಗದೆ ಬಂದ ಸಂಸ್ಕೃತ ಪದಗಳನ್ನು. ತದ್ಭವಗಳನ್ನು ಧಾರಾಳವಾಗಿ ಬಳಸಿದ್ದಾನೆ.

ಹಾಗಂತ ನಾನು ‘ಮೆಚ್ಚುಗೆ’ಯ ಪರವಾಗಿಲ್ಲ. ನಮ್ಮ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆ ನೋಡಿ. ಮೊದಲ, ಎರಡನೇ, ಮೂರನೇ ಬಹುಮಾನ ಆದ ಮೇಲೆ ‘ಮೆಚ್ಚುಗೆ ಪಡೆದ ಕಥೆಗಳು’ ಅಂತ ಬರುತ್ತದೆ. ನಮ್ಮ ಓದುಗರಿಗೆ ಮೆಚ್ಚುಗೆ ಅಂದರೆ ಗೆಲ್ಲದವರಿಗೆ ಸಿಗುವ ಜಾಗ. ಗೆದ್ದವರ ಕೈಗೆ ಅದನ್ನು ಕೊಡಬೇಡಿ.

ಇಲ್ಲಿಗೆ ಬೇಕಾದ ಮಾತು ‘ಆಯ್ಕೆ’. ಆಯ್ ಅನ್ನುವ ಧಾತು ಇವತ್ತಿಗೂ ಅಡುಗೆಮನೆಯಲ್ಲಿ ಜೀವಂತವಾಗಿದೆ, ಅಕ್ಕಿ ಆಯುತ್ತೇವೆ. ಬೇಕಾದ್ದು ಉಳಿಯುತ್ತದೆ, ಬೇಡದ್ದು ಹೊರಗೆ ಹೋಗುತ್ತದೆ. ಓಟು ಮಾಡುವುದೂ ಅಷ್ಟೇ. ನೀವು ಹೇಳಿದ ಬೇನ್‌ಬ್ರಿಜ್ ಅವರದ್ದೇ ನೋಡಿ. 5 ಸಲ ಬೂಕರ್‌ನ ಕೊನೆ ಸುತ್ತಿಗೆ ಬಂದರು, ಒಂದು ಸಲವೂ ಗೆಲ್ಲಲಿಲ್ಲ. 2010ರಲ್ಲಿ ತೀರಿಕೊಂಡರು. ಮರುವರ್ಷ ಆ ಐದು ಪುಸ್ತಕಗಳಲ್ಲಿ ಯಾವುದು ಗೆಲ್ಲಬೇಕು ಅನ್ನುವುದನ್ನು ಬೂಕರ್‌ನವರೇ ಜನರ ಓಟಿಗೆ ಬಿಟ್ಟರು. ಐದನ್ನೂ ಮೆಚ್ಚಿದವರು ಕೂಡ ಒಂದನ್ನೇ ಆರಿಸಬೇಕಿತ್ತು. ಮೆಚ್ಚುಗೆಗೂ ಆಯ್ಕೆಗೂ ಇರುವ ವ್ಯತ್ಯಾಸ ಇದೇ.

‘ಪ್ರಶಸ್ತಿ’ಯೂ ನನಗೆ ಇಷ್ಟವಿಲ್ಲ. ಮೂಲದಲ್ಲಿ ಅದು ಹೊಗಳಿಕೆ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದದ್ದು ಪ್ರಶಸ್ತಿ. ಈಗಲೂ ಅದರ ಹಿಂದೆ ಶಾಲು, ಹಾರ, ಮೈಸೂರು ಪೇಟ ಬರುತ್ತವೆ. ಮೊದಲ ಪುಸ್ತಕದವರಿಗೆ ‘ಬಹುಮಾನ’ವೇ ಚೆಂದ. ಸ್ಪರ್ಧೆ ನಡೆಯಿತು, ಗೆದ್ದರು ಅನ್ನುವುದು ಆ ಪದದಲ್ಲೇ ಇದೆ. ಛಂದ ಪುಸ್ತಕ ಪ್ರಕಾಶನದವರು ಕಥೆಗಾರರ ಮೊದಲ ಸಂಕಲನಕ್ಕೆ ಕೊಡುವುದೂ ಬಹುಮಾನವೇ.

ಉದಯೋನ್ಮುಖ ಅಂದರೆ ಇನ್ನೂ ಹುಟ್ಟಬೇಕಾದವರು. ಪುಸ್ತಕ ಅಚ್ಚಾಗಿ ಕೈಗೆ ಬಂದವರನ್ನು ಹಾಗೆ ಕರೆಯುವುದು ಅವಮಾನ. ‘ಯುವ’ ಅಂತಲೂ ಹಾಕಬೇಡಿ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರಕ್ಕೆ 35 ವರ್ಷದ ಗಡಿ ಇದೆ. ರಿಟೈರ್ ಆದ ಮೇಲೆ ಮೊದಲ ಕಾದಂಬರಿ ಬರೆದ ಮೇಡಂ ಎಲ್ಲಿಗೆ ಹೋಗಬೇಕು? ಮೊದಲ ಪುಸ್ತಕಕ್ಕೆ ಮಾತ್ರ ಬಹುಮಾನ ಅಂತಿದ್ದರೆ ‘ಚೊಚ್ಚಲ ಪುಸ್ತಕ’ ಅನ್ನಿ. ಚೊಚ್ಚಲ ಹೆರಿಗೆಯಿಂದ ಚೊಚ್ಚಲ ಶತಕದವರೆಗೆ ಎಲ್ಲರ ಬಾಯಲ್ಲಿದೆ. ಕನ್ನಡ ಪುಸ್ತಕ ಪ್ರಾಧಿಕಾರವೂ ಪ್ರೋತ್ಸಾಹಧನಕ್ಕೆ ಅದನ್ನೇ ಬಳಸುತ್ತದೆ. ಎರಡನೇ ಪುಸ್ತಕದವರಿಗೂ ಅವಕಾಶ ಇದ್ದರೆ ಸುಮ್ನೆ ‘ಹೊಸ ಬರಹಗಾರರು’ ಸಾಕು. ಬಳಗದವರನ್ನು ಕೇಳಿ ಬರೆಯಿರಿ.

ನನ್ನ ಸಲಹೆ: ‘ಓದುಗರ ಆಯ್ಕೆ ಬಹುಮಾನ’. ಕೆಳಗೆ ‘ಹೊಸ ಬರಹಗಾರರಿಗೆ ನಿಮ್ಮ ಓಟು’.

ಮರು: ಮರು: ಮರು:

ಹೊತ್ತಗೆಯ ವಿಚಾರ ಗೊತ್ತಿದೆ. ತದ್ಭವವೂ ಕನ್ನಡವೇ. ಆದರೆ ಬ್ಯಾನರಿನಲ್ಲಿ ‘ಓಟು’? ಹೀಗೇ ಇಂಗ್ಲಿಷಿಗೆ ಬಾಗಿಲು ತೆಗೆಯುತ್ತಾ ಹೋದರೆ ನಾಳೆ ‘ರೀಡರ್ಸ್ ಚಾಯ್ಸ್ ಅವಾರ್ಡ್’ ಅಂತ ಕನ್ನಡ ಅಕ್ಷರದಲ್ಲಿ ಬರೆದು ಕನ್ನಡ ಅನ್ನುತ್ತೀರಿ.

ಮರು: ಮರು: ಮರು: ಮರು:

ಅನ್ನುವುದಿಲ್ಲ. ನಿಮ್ಮ ಸಿಟ್ಟು ನನಗೂ ಇದೆ. ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನೇ ಬಂತು. ಆಮೇಲೂ ಬೆಂಗಳೂರಿನ ಎಷ್ಟೋ ಬೋರ್ಡುಗಳಲ್ಲಿ ಅಕ್ಷರ ಮಾತ್ರ ಕನ್ನಡ, ಮಾತು ಪೂರ್ತಿ ಇಂಗ್ಲಿಷ್. ಅದು ನನಗೆ ಹಿಂಸೆಯಾಗುತ್ತದೆ. ‘ಓಟು’ ಆ ಸಾಲಿನದ್ದಲ್ಲ. ಓಟು ಬಿತ್ತು, ಓಟಿಗೆ ನಿಂತ, ಓಟು ಒಡೆಯಿತು. ನಮ್ಮ ವಿಭಕ್ತಿ, ನಮ್ಮ ಕ್ರಿಯಾಪದ ಎಲ್ಲ ಹತ್ತಿಸಿಕೊಂಡು ಹಳ್ಳಿಹಳ್ಳಿ ಸುತ್ತಿದ ಪದ ಅದು. ‘ರೀಡರ್ಸ್ ಚಾಯ್ಸ್’ಗೆ ಒಂದು ಪ್ರತ್ಯಯ ಹತ್ತಿಸಿ ನೋಡಿ, ನಾಲಿಗೆಯೇ ಹೇಳುತ್ತದೆ. ತದ್ಭವಕ್ಕೆ ನೀವು ಕೊಡುವ ಜಾಗವನ್ನು ಓಟಿಗೂ ಕೊಡಿ. ದಾರಿ ಒಂದೇ.

ಮರು: ಮರು: ಮರು: ಮರು: ಮರು:

ಇಬ್ಬರಿಗೂ ವಂದನೆ. ಬಳಗದವರನ್ನು ಕೇಳಿದೆ, ಎರಡನೇ ಪುಸ್ತಕದವರಿಗೂ ಅವಕಾಶ ಇದೆಯಂತೆ. ‘ಓದುಗರ ಆಯ್ಕೆ ಬಹುಮಾನ’, ‘ಹೊಸ ಬರಹಗಾರರಿಗೆ ನಿಮ್ಮ ಓಟು’ ಎರಡನ್ನೂ ಪ್ರೆಸ್ಸಿಗೆ ಕಳಿಸಿದೆ. ಲೇಖನದಲ್ಲಿ ಶಾರ್ಟ್‌ಲಿಸ್ಟ್‌ಗೆ ‘ಕಿರುಪಟ್ಟಿ’ ಅಂತ ಹಾಕಲೇ?

ಮರು: ಮರು: ಮರು: ಮರು: ಮರು: ಮರು:

ಬೇಡ. ಪಟ್ಟಿ ಕಿರಿದೋ ಹಿರಿದೋ ಓದುಗರಿಗೆ ಯಾಕೆ? ‘ಕೊನೆ ಸುತ್ತಿಗೆ ಬಂದ ಪುಸ್ತಕಗಳು’ ಅನ್ನಿ.