ಅಪ್‌ಡೇಟ್: ಹಳೆಯ ಐಷಾರಾಮಿ ಎಸ್‌ಯುವಿ ಕೊಳ್ಳುವ ವಿಚಾರ

ದೆಹಲಿ ನೋಂದಣಿಯ, 2015ರ ಮಾದರಿಯ ಐಷಾರಾಮಿ ಆಫ್‌ರೋಡ್ ಡೀಸೆಲ್ ಗಾಡಿಯೊಂದು ಮೈಸೂರಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ ಎಂದು ಹಿಂದೆ ಕೇಳಿದ್ದೆ. ಕೊಳ್ಳಲಿಲ್ಲ.

ತಮ್ಮಲ್ಲಿ ಕೆಲವರು ಸೂಚಿಸಿದಂತೆ ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ಗಾಡಿಯನ್ನು ಹೊರುವ ವ್ಯವಸ್ಥೆ) ಪರೀಕ್ಷಿಸಲು, ಮಾರುವವರನ್ನು ಒಪ್ಪಿಸಿ, ಗಾಡಿಯನ್ನು ಕುವೆಂಪುನಗರದ ನಮ್ಮ ಮನೆಯ ಮುಂದೆ ರಾತ್ರಿಯಿಡೀ ನಿಲ್ಲಿಸಿಕೊಂಡೆ. ಬೆಳಿಗ್ಗೆ ನೋಡಿದರೆ ಹಿಂದಿನ ಎಡಭಾಗ ನಾಲ್ಕು ಬೆರಳಿನಷ್ಟು ಕುಸಿದಿತ್ತು. ಸ್ಟಾರ್ಟ್ ಮಾಡಿದ ಮೇಲೆ ಚೀಲಕ್ಕೆ ಗಾಳಿ ತುಂಬುವ ಕಂಪ್ರೆಸರ್ ಬಹಳ ಹೊತ್ತು ಗುರುಗುಟ್ಟಿ ಅದನ್ನು ಮೇಲೆತ್ತಿತು. ರಬ್ಬರಿನ ಗಾಳಿಚೀಲ ಬಿರುಕು ಬಿಟ್ಟರೆ ಖರ್ಚು ಅಷ್ಟಕ್ಕೇ ಮುಗಿಯುವುದಿಲ್ಲ, ಸೋರಿದ ಗಾಳಿಯನ್ನು ತುಂಬುತ್ತ ತುಂಬುತ್ತ ಕಂಪ್ರೆಸರ್ ಕೂಡ ಸವೆದು ಕೈಕೊಡುತ್ತದೆ ಎಂದು ಮೆಕ್ಯಾನಿಕ್ ವಿವರಿಸಿದರು. ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಮಾತ್ರ ಬೆಣ್ಣೆಯಂತಿತ್ತು, ಅದನ್ನು ಒಪ್ಪಲೇಬೇಕು.

ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ದೆಹಲಿಯಲ್ಲಿ ಬಂದ, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದ ನಿರ್ಬಂಧವೇ ಇಂತಹ ಗಾಡಿಗಳ ಬೆಲೆ ಇಳಿಸಿದ್ದು (2025ರಲ್ಲಿ ಅದೇ ಕೋರ್ಟ್ ಅದನ್ನು ಸಡಿಲಿಸಿತು). ಆದರೆ ಎನ್‌ಒಸಿ (ಹಳೆಯ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ಜೀವಾವಧಿ ತೆರಿಗೆಯನ್ನು ನಾವು ಕೊಟ್ಟ ಹಣದ ಮೇಲಲ್ಲ, ವಾಹನದ ಮೂಲ ಬೆಲೆ ಮತ್ತು ವಯಸ್ಸಿನ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಅಗ್ಗವೆನ್ನುವುದು ಅರ್ಧ ಅಲ್ಲಿಯೇ ಕರಗಿತು.

ಸದ್ಯಕ್ಕೆ ಮಂಡ್ಯದಲ್ಲಿ ಕೆಎ-11 ನೋಂದಣಿಯ, ಸಾಮಾನ್ಯ ಸ್ಪ್ರಿಂಗ್ ಸಸ್ಪೆನ್ಷನ್ ಇರುವ ಫಾರ್ಚೂನರ್ ಒಂದನ್ನು ನೋಡಿದ್ದೇನೆ. ಅದರ ಸರ್ವಿಸ್ ದಾಖಲೆ ಇನ್ನೂ ಕೈಸೇರಬೇಕಿದೆ.