ಶೀಟ್ ಮನೆಗೆ ಟರ್ಬೋ ಹಾಕಿಸಿದರೆ ಸೆಕೆ ಕಡಿಮೆ ಆಗುತ್ತಾ?

ನಿಟುವಳ್ಳಿ ಮೇಲ್ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ನಿಟುವಳ್ಳಿ. ಕೆಳಗೆ ಆರ್‌ಸಿಸಿ ಮನೆ. ಅದರ ಮೇಲೆ 20x30 ಅಳತೆಗೆ ಗೋಡೆ ಎಬ್ಬಿಸಿ ಕಲರ್ ಶೀಟ್ ಹಾಕಿಸಿದ್ದೇವೆ. ಎರಡೂ ಕಡೆ ಇಳಿಜಾರು. ಶೀಟಿನ ಕೆಳಗೆ ಪಿವಿಸಿ ಸೀಲಿಂಗ್. ಎರಡರ ಮಧ್ಯೆ ನಡುವಿನಲ್ಲಿ ಮೂರು ಅಡಿ ಜಾಗ ಇದೆ, ಅಂಚಿಗೆ ಬಂದರೆ ಕೈ ತೂರುವಷ್ಟೇ. ಪಾರಿವಾಳದ ಕಾಟ ಅಂತ ಮೇಸ್ತ್ರಿ ಸುತ್ತಲೂ ಒಂದು ಸಂದೂ ಬಿಡದೆ ಸಿಮೆಂಟ್ ಮೆತ್ತಿದ್ದಾರೆ.

ಏಪ್ರಿಲ್ ಬಂತು ಅಂದರೆ ಮಧ್ಯಾಹ್ನ ಮೇಲೆ ಕೂರೋಕೇ ಆಗಲ್ಲ. ಮೊನ್ನೆ ಸೀಲಿಂಗಿನ ಲೈಟ್ ಬಿಚ್ಚಿ ಆ ತೂತಿಗೆ ಕೈ ಹಿಡಿದೆ. ಝಳ ಮುಖಕ್ಕೇ ಹೊಡೆಯಿತು. ಒಂದೆರಡು ಪಟ್ಟಿ ಬಿಸಿಗೆ ಬಾಗಿವೆ ಬೇರೆ. ಮಗಳು ಪಿಯುಸಿ. ಪುಸ್ತಕ ಎತ್ತಿಕೊಂಡು ಕೆಳಗೆ ಬರುತ್ತಾಳೆ, ಕೆಳಗೆ ನಮ್ಮತ್ತೆಯವರ ಧಾರಾವಾಹಿ. ಓದು ಅಲ್ಲಿಗೆ ಮುಗೀತು.

ಶೀಟ್ ಅಂಗಡಿಯವರು 24 ಇಂಚಿನ ಟರ್ಬೋ ಎರಡು ಹಾಕಿಸಿ ಅಂತಾರೆ. ಗೋದಾಮಿನ ಮೇಲೆ ಗಿರಗಿರ ತಿರುಗುತ್ತಲ್ಲ, ಅದು. ಎಕ್ಸಾಸ್ಟ್ ಫ್ಯಾನ್ ಸಾಕು ಅಂತಾರೆ ನಮ್ಮ ಯಜಮಾನರು. ತುದಿ ಗೋಡೆಗಳಿಗೆ ಜಾಲಿ ಇಡಿಸಿ ಅಂತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳೋದು?

ದುರ್ಗದ ಶೀಟ್ ಕೆಲಸ:
ಮೇಡಂ, ನಾನು ಚಿತ್ರದುರ್ಗದಲ್ಲಿ ಇದೇ ಕೆಲಸ ಮಾಡೋನು. ಟರ್ಬೋ ಮಾತು ಆಮೇಲೆ. ಮೊದಲು ಆ ಸಿಮೆಂಟ್ ಒಡೆಸಿ.

ಬಿಸಿಗಾಳಿ ಮೇಲೇರುತ್ತದೆ, ಸರಿ. ಕೆಳಗಿನಿಂದ ಬೇರೆ ಗಾಳಿ ಒಳಗೆ ಬಂದರೆ ತಾನೇ ಅದು ಹೊರಗೆ ಹೋಗೋದು? ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಗೊಳಕ್ ಗೊಳಕ್ ಅಂತ ತಡೆದು ತಡೆದು ಬೀಳುತ್ತಲ್ಲ, ಹಾಗಾಗುತ್ತೆ ನಿಮ್ಮ ಕಥೆ. ಟರ್ಬೋ ಅನ್ನೋದು ಹೊರಗೆ ಹೋಗೋ ದಾರಿ ಅಷ್ಟೇ.

ಅಮೆರಿಕದವರ ಕಟ್ಟಡ ನಿಯಮದಲ್ಲಿ ಅಟ್ಟದ 150 ಚದರ ಅಡಿಗೆ 1 ಚದರ ಅಡಿ ಗಾಳಿಕಿಂಡಿ ಅಂತ ಲೆಕ್ಕ ಇದೆ. ನಿಮ್ಮದು 600 ಚದರ ಅಡಿ. ಅಂದರೆ ಒಟ್ಟು 4. ಅರ್ಧ ಕೆಳಗೆ, ಅರ್ಧ ಮೇಲೆ. 24 ಇಂಚಿನ ಟರ್ಬೋ ಬಾಯಿ ಒಂದೇ 3 ಚದರ ಅಡಿ ದಾಟುತ್ತದೆ. ಎರಡು ಯಾಕೆ ಬೇಕು? 30 ಅಡಿ ಉದ್ದದ ಎರಡೂ ಸೂರಿನಲ್ಲಿ ಒಂದು ಇಂಚಿನ ಸಂದು ಬಿಡಿಸಿದರೆ 5 ಚದರ ಅಡಿ ಸಿಗುತ್ತದೆ. ಜಾಲರಿ ಹಾಕಿ ಸ್ವಲ್ಪ ಕಡಿಮೆಯಾದರೂ ಸಾಕು. ಅರ್ಧ ಇಂಚಿನ ಜಿಐ ಜಾಲರಿ ಇರಲಿ. ಸೊಳ್ಳೆ ಪರದೆ ಬೇಡವೇ ಬೇಡ, ಧೂಳು ಕಟ್ಟಿ ಮತ್ತೆ ಸಿಮೆಂಟ್ ಮೆತ್ತಿದ ಹಾಗೇ ಆಗುತ್ತದೆ.

ಟರ್ಬೋ, ಎಕ್ಸಾಸ್ಟ್, ಜಾಲಿ ಮೂರನ್ನೂ ಮೇಲ್ಗಡೆ ಹಾಕಿಸಲು ಹೋಗಬೇಡಿ. ಎಕ್ಸಾಸ್ಟ್ ಆನ್ ಮಾಡಿದರೆ ಹತ್ತಿರದ ಟರ್ಬೋ ಬಾಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಸೂರಿನ ಕಡೆ ಬಿಸಿ ಅಲ್ಲಾಡೋದೇ ಇಲ್ಲ.

ಚಳ್ಳಕೆರೆ ಅಕ್ಕ:
ನಮ್ಮದು ಮಣ್ಣಿನ ಮಾಳಿಗೆ ಮನೆ ಇತ್ತು. ಗವಾಕ್ಷಿ ತೆಗೆದಿಟ್ಟು ಬಾಗಿಲೂ ತೆರೆದರೆ ಗಾಳಿ ಆಡೋದು. ಬಾಗಿಲು ಹಾಕಿದರೆ ಇಲ್ಲ. ಮೇಲಿನವರು ಹೇಳಿದ್ದು ಅದೇ ಅಲ್ವಾ? ಜಾಲಿ ಇಡಿಸೋದಾದರೆ ಒಂದು ಮಾತು ತಂಗಿ, ಪಡುವಣ ಗೋಡೆಗೆ ಇಡಿಸಬೇಡ. ಜೂನ್, ಜುಲೈಯಲ್ಲಿ ಆ ಕಡೆಯಿಂದಲೇ ಎರಚಲು. ಪಿವಿಸಿ ಮೇಲೆ ನೀರು ನಿಂತರೆ ಗೊತ್ತಾಗೋದೇ ಇಲ್ಲ.

ನಿಟುವಳ್ಳಿ ಮೇಲ್ಮನೆ:
ತುಂಬಾ ಥ್ಯಾಂಕ್ಸ್ ಅಕ್ಕ. ಅಣ್ಣ, ಗಾಳಿ ಇಲ್ಲದ ಮಧ್ಯಾಹ್ನ ಟರ್ಬೋ ನಿಂತೇ ಇರುತ್ತಲ್ಲ? ನಿಮ್ಮೂರಿಗೆ ಬಿಡಿ, ಜೋಗಿಮಟ್ಟಿ ಮೇಲೆ ಗಾಳಿಯಂತ್ರಗಳೇ ನಿಂತಿವೆ. ನಮ್ಮ ಓಣಿಯಲ್ಲಿ ಎಲೆ ಅಲ್ಲಾಡಲ್ಲ. ಮತ್ತೆ ಮಳೆಗೆ ಸೋರಿದರೆ?

ದುರ್ಗದ ಶೀಟ್ ಕೆಲಸ:
ನಿಂತಿದ್ದರೂ ಅದು ತೆರೆದ ಬಾಯಿ ತಾನೇ. ಕಾದ ಗಾಳಿ ರೆಕ್ಕೆಗಳ ಸಂದಿನಿಂದ ಹೋಗುತ್ತಿರುತ್ತದೆ, ನಿಧಾನ ಅಷ್ಟೇ. ನೀರಿನ ಟ್ಯಾಂಕಿನ ಮರೆಯಲ್ಲಿ ಮಾತ್ರ ಕೂರಿಸಬೇಡಿ.

ಸೋರೋದು ಟರ್ಬೋದಿಂದಲ್ಲ, ಅದರ ಬುಡದಿಂದ. ನೆತ್ತಿಯ ಮಡಿಕೆ ಶೀಟ್ ಇರುತ್ತಲ್ಲ, ಬುಡದ ತಗಡಿನ ಮೇಲಂಚು ಅದರ ಕೆಳಗೆ ತೂರಬೇಕು. ಕೆಳಗಂಚು ಕಲರ್ ಶೀಟಿನ ಮೇಲೆ ಬರಬೇಕು. ಆಗ ನೀರು ತಗಡಿನ ಮೇಲೆ ಜಾರಿ ಹೋಗುತ್ತದೆ. ಎಷ್ಟೋ ಕಡೆ ಶೀಟ್ ನಡುವೆ ತೂತು ಕೊರೆದು, ಸುತ್ತ ಸಿಲಿಕಾನ್ ಬಳಿದು ಹೋಗಿಬಿಡುತ್ತಾರೆ. ಬಿಸಿಲಿಗೆ ಸಿಲಿಕಾನ್ ಬಿಟ್ಟುಕೊಂಡ ಮೇಲೆ ಬಕೆಟ್ ಇಡಬೇಕು. ಕೂರಿಸುವಾಗ ನೀವೇ ಏಣಿ ಹತ್ತಿ ನೋಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಕೊಳ್ಳುವಾಗ ಕೈಯಲ್ಲಿ ತಿರುಗಿಸಿ. ಕಿರ್ ಅಂದರೆ ಬೇರಿಂಗ್ ಸರಿ ಇಲ್ಲ, ಬೇರೆ ಕೇಳಿ.

ಇನ್ನೊಂದು. ಗಾಳಿ ಓಡಿದರೂ ಶೀಟ್ ತಾನೇ ಕಾದು ಕೆಳಕ್ಕೆ ಶಾಖ ಬಿಡುತ್ತದೆ. ಅದಕ್ಕೆ ಟರ್ಬೋ ಏನೂ ಮಾಡಲ್ಲ. ಎರಡನೇ ಟರ್ಬೋ ದುಡ್ಡನ್ನು ಬಿಳಿ ಕೂಲ್ ರೂಫ್ ಪೇಂಟಿಗೆ ಹಾಕಿ. ಇನ್ನೂ ಕೈಯಲ್ಲಿ ಉಳಿದರೆ ಶೀಟಿನ ಅಡಿಗೆ ಫಾಯಿಲ್, ಹೊಳೆಯೋ ಮುಖ ಕೆಳಗೆ. ಮೇಲ್ಮುಖ ಹಾಸಿದರೆ ಧೂಳು ಕೂತು ಹೊಳಪೇ ಹೋಗುತ್ತದೆ.

ನಿಟುವಳ್ಳಿ ಮೇಲ್ಮನೆ:
ಸಿಮೆಂಟ್ ಒಡೆಸೋಕೆ ಭಾನುವಾರ ಆಳು ಹೇಳಿದ್ದೇವೆ. ಟರ್ಬೋ ಒಂದೇ. ಬಣ್ಣಕ್ಕೆ ಮುಂಚೆ ಶೀಟ್ ತೊಳೆಸಬೇಕಾ ಅಣ್ಣ?

ದುರ್ಗದ ಶೀಟ್ ಕೆಲಸ:
ತೊಳೆಸಲೇಬೇಕು. ಉಜ್ಜಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್. ಬೆಳಗ್ಗೆ ಬೇಗ ಹೊಡೆಸಿ, ಕಾದ ಶೀಟಿಗೆ ಬಣ್ಣ ಹಿಡಿಯಲ್ಲ.