ಸಹಾಯ ಬೇಕು: ತಂತಿಯ ಕಟ್ಟು ಸರಿಸಿದರೆ ಇಎಂಸಿ ಫಲಿತಾಂಶವೇ ಬದಲಾಗುತ್ತಿದೆ

ಇಎಂಸಿ (ಉಪಕರಣಗಳು ಒಂದಕ್ಕೊಂದು ವಿದ್ಯುತ್ಕಾಂತೀಯ ತೊಂದರೆ ಕೊಡದಿರುವ ಗುಣ) ಪರೀಕ್ಷೆಯಲ್ಲಿ ಪಳಗಿದವರು ದಯವಿಟ್ಟು ದಾರಿ ತೋರಿಸಿ.

ನಮ್ಮ ಅಡಾಪ್ಟರ್‌ನಿಂದ ಮೈನ್ಸ್ ತಂತಿಗೆ ಹರಿಯುವ ನಾಯ್ಸ್ (ಅನಗತ್ಯ ವಿದ್ಯುತ್ ಅಲೆಗಳು) ಅನ್ನು ಸಿಐಎಸ್‌ಪಿಆರ್ 32 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ಲಾಸ್ ಬಿ (ಮನೆಬಳಕೆಯ ಉಪಕರಣಗಳ ಮಿತಿ) ಪ್ರಕಾರ ಅಳೆಯುತ್ತಿದ್ದೇವೆ. 5ರಿಂದ 30 ಮೆಗಾಹರ್ಟ್ಸ್‌ವರೆಗೆ ಸರಾಸರಿ ಮಿತಿ 50 ಡಿಬಿ ಮೈಕ್ರೋವೋಲ್ಟ್. 18 ಮೆಗಾಹರ್ಟ್ಸ್ ಬಳಿಯ ಒಂದು ಶಿಖರ ನಮ್ಮಲ್ಲಿ 48.6 ತೋರಿಸುತ್ತದೆ, ಹೊರಗಿನ ಪ್ರಯೋಗಾಲಯದಲ್ಲಿ 50.9. ಎರಡೂ ಕಡೆ ಲಿಸ್ನ್ (ಮೈನ್ಸ್ ಮತ್ತು ಅಡಾಪ್ಟರ್ ನಡುವೆ ಇಟ್ಟು ನಾಯ್ಸ್ ಅಳೆಯುವ ಪೆಟ್ಟಿಗೆ) ಅಡಾಪ್ಟರ್‌ನಿಂದ 80 ಸೆಂ.ಮೀ. ದೂರದಲ್ಲಿದೆ, ಹಿಂದಿನ ಲೋಹದ ಗೋಡೆ 40 ಸೆಂ.ಮೀ. ದೂರದಲ್ಲಿದೆ.

ಲಿಸ್ನ್‌ನ ಕ್ಯಾಲಿಬ್ರೇಷನ್, ಪಲ್ಸ್ ಲಿಮಿಟರ್‌ನ (ಅಳತೆಯ ರಿಸೀವರ್ ಅನ್ನು ಹಠಾತ್ ವೋಲ್ಟೇಜ್‌ನಿಂದ ಕಾಪಾಡುವ ಭಾಗ) 10 ಡಿಬಿ ತಿದ್ದುಪಡಿ, ಅಗಲವಾದ ತಾಮ್ರಪಟ್ಟಿಯ ಅರ್ಥಿಂಗ್, ಎಲ್ಲವನ್ನೂ ನೋಡಿಯಾಯಿತು. ವ್ಯತ್ಯಾಸ ಕಂಡದ್ದು ಒಂದೇ ಕಡೆ: ಹೆಚ್ಚುವರಿ ಮೈನ್ಸ್ ತಂತಿಯನ್ನು ಹಿಂದೆ ಮುಂದೆ ಮಡಚಿ ಕಟ್ಟಿದ ಆ ಕಟ್ಟನ್ನು ಗೋಡೆಯತ್ತ ತುಸು ಸರಿಸಿದರೆ 18 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡಿಬಿ ಏರುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಮಾತ್ರ ಅಲುಗಾಟವೇ ಇಲ್ಲ. ತಂತಿಗೂ ಲೋಹಕ್ಕೂ ನಡುವಿನ ಕೆಪಾಸಿಟೆನ್ಸ್ ಕಾರಣವೆಂದು ನನಗೆ ಬಲವಾಗಿ ಅನಿಸುತ್ತಿದೆ.

ಗೊಂದಲ ಇರುವುದು ಇಲ್ಲಿ. ಅಳತೆಯ ಅನಿಶ್ಚಿತತೆ ಕುರಿತ ಮಾನದಂಡ ಸಿಐಎಸ್‌ಪಿಆರ್ 16-4-2 ಈ ಅಳತೆಗೆ ಕೊಡುವ 3.4 ಡಿಬಿ ಅನಿಶ್ಚಿತತೆ ಉಪಕರಣಗಳದ್ದು. ಪ್ರಯೋಗಾಲಯದ ಅನಿಶ್ಚಿತತೆ ಅದರೊಳಗಿದ್ದರೆ ಓದಿದ ಅಂಕಿಯನ್ನೇ ನೇರವಾಗಿ ಮಿತಿಯ ಜೊತೆ ಹೋಲಿಸಬೇಕು ಎಂಬುದು ಅರ್ಥವಾಗಿದೆ. ಆದರೆ ತಂತಿ ಜೋಡಿಸುವ ರೀತಿಯಿಂದ ಬರುವ ಏರಿಳಿತ ಆ ಲೆಕ್ಕದಲ್ಲಿ ಸೇರುವುದಿಲ್ಲವಲ್ಲ! ಇಬ್ಬರೂ ನಿಯಮದೊಳಗೇ ಇದ್ದು ಒಬ್ಬರು ಪಾಸ್, ಇನ್ನೊಬ್ಬರು ಫೇಲ್ ಎನ್ನುವುದನ್ನು ಗ್ರಾಹಕರಿಗೆ ಹೇಗೆ ವಿವರಿಸುವುದು?

ನನ್ನ ಪ್ರಶ್ನೆ ಇಷ್ಟು: ವರದಿಯಲ್ಲಿ ದಾಖಲಿಸಬೇಕಾದದ್ದು ತಂತಿ ಜೋಡಣೆಗೆ ಅನುಮತಿಸಿದ ವ್ಯಾಪ್ತಿಯೊಳಗೆ ಸಿಗುವ ಅತಿ ಹೆಚ್ಚಿನ ಅಂಕಿಯನ್ನೋ, ಅಥವಾ ಫೋಟೊ ತೆಗೆದಿಟ್ಟ ಒಂದು ನಿಗದಿತ ಜೋಡಣೆಯ ಅಂಕಿಯನ್ನೋ? ಈ ಏರಿಳಿತಕ್ಕಾಗಿ ವಿನ್ಯಾಸದಲ್ಲೇ ನೀವು ಎಷ್ಟು ಡಿಬಿ ಅಂತರ ಬಿಡುತ್ತೀರಿ?